ಎರಡೇ ಮಣಿಗೆ ತೀರ್ಪು

ಮಂಗಳೂರಿನಲ್ಲಿ 1923ರಲ್ಲಿ ಹುಟ್ಟಿದ ಎಂ. ಶಾರದಾ ಮೆನನ್ ಬೆಂಗಳೂರಿನಲ್ಲಿ ಮನೋವೈದ್ಯಕೀಯ ಕಲಿತು, 1961ರಲ್ಲಿ ಮದರಾಸಿನ ಕಿಲ್ಪಾಕ್ ಬಡಾವಣೆಯ ಮಾನಸಿಕ ಆಸ್ಪತ್ರೆಯ ಮೊದಲ ಮಹಿಳಾ ಮುಖ್ಯಸ್ಥೆಯಾದರು. ತಮಿಳು ಸಿನಿಮಾದ ಹಾಸ್ಯದಲ್ಲಿ ಆ ಬಡಾವಣೆಯ ಹೆಸರೆತ್ತಿದರೆ ಸಾಕು, ಜನ ಇಂದಿಗೂ ನಗುತ್ತಾರೆ. ಆ ಆಸ್ಪತ್ರೆಯಿಂದ ಮನೆಗೆ ಮರಳಿದವರ ಮುಂದಿನ ಬದುಕೇನು? 1978ರಲ್ಲಿ ನಿವೃತ್ತರಾದ ಮೆನನ್ 1984ರಲ್ಲಿ ಸ್ಕಿಝೋಫ್ರೀನಿಯಾ ರೋಗಿಗಳಿಗಾಗಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಜೊತೆಗಿದ್ದವರು ಮನೋವೈದ್ಯೆ ಆರ್. ತಾರಾ.

ಅಷ್ಟರಲ್ಲಾಗಲೇ ನಗರದಲ್ಲಿ ಮೊದಲ ಸಲ ಕಾಯಿಲೆಗೆ ಬಿದ್ದ 90 ಮಂದಿಯ ಅಧ್ಯಯನ ಶುರುವಾಗಿತ್ತು. ಅದು 20 ವರ್ಷ ದಾಟಿ ನಡೆಯಿತು.

ಈ ಕಾಯಿಲೆಯ ಲಕ್ಷಣವಾದ ಭ್ರಮೆ ಮನಸ್ಸನ್ನು ಹೊಗುವುದು ಹೇಗೆ ಎಂಬ ಹುಡುಕಾಟ ಮಾತ್ರ ಲಂಡನ್ನಿನಲ್ಲಿ ಬೇರೆ ದಾರಿ ಹಿಡಿಯಿತು. 1988ರಲ್ಲಿ ಹಕ್, ಗ್ಯಾರೆಟಿ, ಹೆಮ್ಸ್ಲಿ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ಒಂದು ಜಾಡಿಯಲ್ಲಿ ಒಂದು ಬಣ್ಣದ 85, ಇನ್ನೊಂದು ಬಣ್ಣದ 15 ಮಣಿ. ಎರಡನೆಯದರಲ್ಲಿ ಅದರ ತಿರುಗುಮುರುಗು. ಮರೆಯಲ್ಲಿಟ್ಟ ಯಾವುದೋ ಒಂದು ಜಾಡಿಯಿಂದ ಮಣಿಗಳು ಒಂದೊಂದಾಗಿ ಬರುತ್ತವೆ. ಜಾಡಿ ಯಾವುದು ಎಂದು ಖಾತ್ರಿಯಾದಾಗ ಹೇಳಬೇಕು. ಭ್ರಮೆಯಿದ್ದವರು ಉಳಿದವರಿಗಿಂತ ಕಡಿಮೆ ಮಣಿ ಕೇಳಿದರು. ಹಲವರಿಗೆ ಒಂದೆರಡೇ ಸಾಕಾಯಿತು.

ಇದನ್ನು ಮೂರ್ಖತನ ಎನ್ನುವಂತಿಲ್ಲ. ಲೆಕ್ಕ ಹಾಕಿದರೆ ಮೊದಲ ಮಣಿಗೇ ಊಹೆ ಸರಿಯಾಗುವ ಸಾಧ್ಯತೆ ನೂರಕ್ಕೆ 85! ತೊಡಕಿರುವುದು ಇದೇ ಅವಸರ ಬೀದಿಗಿಳಿದಾಗ: ಎದುರುಮನೆಯವರು ಕೆಮ್ಮಿದ್ದು ಒಂದು ಮಣಿ, ಬಸ್ಸಿನಲ್ಲಿ ಯಾರೋ ತಿರುಗಿ ನೋಡಿದ್ದು ಇನ್ನೊಂದು, ಪಿತೂರಿ ಸಾಬೀತಾಯಿತು. ಭ್ರಮೆಯಿರುವ ಎಲ್ಲರೂ ಹೀಗೆ ಆತುರಪಡುವುದಿಲ್ಲ, ಆರೋಗ್ಯವಂತರಲ್ಲೂ ಆತುರಗಾರರಿದ್ದಾರೆ. ಆದರೆ ಭ್ರಮೆಯ ಎದುರು ಮನೆಮಂದಿಯ ವಾದ ಯಾಕೆ ಸೋಲುತ್ತದೆ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಅವರು ಹೊಸ ಸಾಕ್ಷ್ಯ ಹೊತ್ತು ತರುವಷ್ಟರಲ್ಲಿ ತೀರ್ಪು ಬರೆದಾಗಿರುತ್ತದೆ.

ಹಾಗಾಗಿ ಚಿಕಿತ್ಸೆ ಬೇಗ ತಲುಪುವುದು ಮುಖ್ಯ. ಚೆನ್ನೈನ ಸ್ಕಾರ್ಫ್ ಮತ್ತು ಕೆನಡಾದ ಮಾಂಟ್ರಿಯಲ್‌ನ ತಂಡ, ಮೊದಲ ಬಾರಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಕಾಣಿಸಿಕೊಂಡವರಿಗೆ ಒಂದೇ ಬಗೆಯ ಎರಡು ವರ್ಷದ ಆರೈಕೆ ಕೊಟ್ಟು ಹೋಲಿಸಿದವು. 2020ರಲ್ಲಿ ಫಲಿತಾಂಶ ಬಂತು. ಭ್ರಮೆಯಂಥ ಲಕ್ಷಣಗಳು ತಗ್ಗಿದ್ದರಲ್ಲಿ ಎರಡು ಊರಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮಾತು ಬತ್ತುವುದು, ಉತ್ಸಾಹ ಸೋರಿಹೋಗುವುದು ಇಂಥವುಗಳಲ್ಲಿ ಚೆನ್ನೈ ಮುಂದಿತ್ತು. ಅಲ್ಲಿ ಚಿಕಿತ್ಸಾ ತಂಡದೊಂದಿಗೆ ಕುಟುಂಬಗಳ ಒಡನಾಟವೂ ಮಾಂಟ್ರಿಯಲ್‌ಗಿಂತ ಬಹಳ ಹೆಚ್ಚು. ವಾದದಲ್ಲಿ ಸೋತ ಅಪ್ಪ ಅಮ್ಮಂದಿರೇ ಎರಡು ವರ್ಷವೂ ಆಸ್ಪತ್ರೆಯ ಸಂಪರ್ಕ ಬಿಡದೆ ಉಳಿದಿದ್ದರು.