ಕೊಂದ ಕೈಯೇ ಸಾಕಿದ ಕಥೆ

ಮಕ್ಕಳ ಸಿನಿಮಾದಲ್ಲಿ ಸಾವು ಕಣ್ಣಿಗೆ ಬೀಳಬಾರದು ಎನ್ನುವ ತಂದೆತಾಯಿಗಳೇ ಹೆಚ್ಚು. ಅಂಥವರಿಗೆ 2024ರಲ್ಲಿ ತೆರೆಕಂಡ ‘ದಿ ವೈಲ್ಡ್ ರೋಬಾಟ್’ ಇರಿಸುಮುರಿಸು ತರುವ ಚಿತ್ರ. ಪೀಟರ್ ಬ್ರೌನ್ ಅವರ 2016ರ ಮಕ್ಕಳ ಕಾದಂಬರಿಯನ್ನು ಆಧರಿಸಿ ಕ್ರಿಸ್ ಸ್ಯಾಂಡರ್ಸ್ ನಿರ್ದೇಶಿಸಿರುವ ಈ ಆನಿಮೇಷನ್ ಚಿತ್ರದಲ್ಲಿ, ರಾಝ್ ಎಂಬ ಮನೆಗೆಲಸದ ರೋಬಾಟ್ ಬಿರುಗಾಳಿಯ ಹೊಡೆತಕ್ಕೆ ಮನುಷ್ಯರಿಲ್ಲದ ದ್ವೀಪವೊಂದಕ್ಕೆ ಬಂದು ಬೀಳುತ್ತದೆ. ಹೇಳಿದ ಕೆಲಸ ಮಾಡುವುದೊಂದೇ ಅದಕ್ಕೆ ಗೊತ್ತು. ಹೇಳುವವರು ಯಾರೂ ಇಲ್ಲ. ಕೆಲಸ ಕೊಡಿ ಎಂದು ಕಾಡುಪ್ರಾಣಿಗಳ ಬೆನ್ನು ಬಿದ್ದು, ಅವುಗಳ ಮೈಗೆ ಸ್ಟಿಕರ್ ಅಂಟಿಸುತ್ತ ಹೋಗುವ ದೃಶ್ಯಗಳು ನಗು ಉಕ್ಕಿಸುತ್ತವೆ. ಅದರ ಬೆನ್ನಿಗೇ ರಾಝ್ ಉರುಳಿ ಹೆಬ್ಬಾತಿನ ಗೂಡಿನ ಮೇಲೆ ಬೀಳುತ್ತದೆ. ಗೂಡಿನ ಸಂಸಾರವೇ ನಾಶವಾಗಿ ಒಂದು ಮೊಟ್ಟೆ ಮಾತ್ರ ಉಳಿಯುತ್ತದೆ. ಅದನ್ನು ಒಡೆದು ಹೊರಬಂದ ಮರಿ, ತನ್ನವರನ್ನು ಕೊಂದ ಯಂತ್ರವನ್ನೇ ತಾಯಿ ಎಂದುಕೊಳ್ಳುತ್ತದೆ.

ಮಕ್ಕಳಿಗೆ ಇದನ್ನು ತೋರಿಸಬೇಕು ಎಂಬುದು ನನ್ನ ವಾದ, ಅದೂ ಈ ಗೂಡಿನ ದೃಶ್ಯ ಇರುವುದರಿಂದಲೇ. ಸಾಯುವ ಭಯವೇ ಇಲ್ಲದ ಕಡೆ ಬದುಕುಳಿಯುವ ಕಥೆ ಬರೀ ಓಟದ ಆಟವಾಗುತ್ತದೆ. ನಾಯಕ ಗೆದ್ದೇ ಗೆಲ್ಲುತ್ತಾನೆಂದು ಐದು ವರ್ಷದ ಮಗುವಿಗೂ ಗೊತ್ತಿರುತ್ತದೆ. ಇಲ್ಲಿ ಹಾಗಿಲ್ಲ. ಚಳಿಗಾಲದ ಒಳಗೆ ಮರಿ ತಿನ್ನಲು, ಈಜಲು, ಹಾರಲು ಕಲಿಯಬೇಕು, ತಪ್ಪಿದರೆ ಉಳಿಗಾಲವಿಲ್ಲ. ಅದು ಯಂತ್ರಕ್ಕೆ ಅಂಟಿಕೊಳ್ಳುವುದು ಕೂಡ ಕಥೆಗಾರನ ಹುಚ್ಚು ಕಲ್ಪನೆಯಲ್ಲ. ಮೊಟ್ಟೆಯಿಂದ ಬಂದ ಹೆಬ್ಬಾತಿನ ಮರಿಗಳು ಮೊದಮೊದಲು ಕಂಡ, ಚಲಿಸುವ ಜೀವಿಯ ಹಿಂದೆ ನಡೆಯುತ್ತವೆ ಎಂಬುದನ್ನು ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ ವಿವರವಾಗಿ ತೋರಿಸಿದ್ದರು. ಮರಿಗಳ ಸಾಲು ಅವರ ಹಿಂದೆಯೇ ನಡೆಯುತ್ತಿತ್ತು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರು ಇನ್ನಿಬ್ಬರೊಂದಿಗೆ ನೊಬೆಲ್ ಹಂಚಿಕೊಂಡರು. ಹೀಗೆ ಹುಟ್ಟಿದ ನಂಟಿನ ಬುಡದಲ್ಲೇ ಒಂದು ಮುಚ್ಚಿಟ್ಟ ಸತ್ಯವಿದೆ. ಅದು ಹೊರಬಿದ್ದಾಗ ಮರಿ ಸಿಟ್ಟಾಗುತ್ತದೆ, ದೂರ ಸರಿಯುತ್ತದೆ. ಕ್ಷಮೆ ಒಂದೇ ಹಾಡಿನಲ್ಲಿ ಸಿಕ್ಕಿಬಿಡುವುದಿಲ್ಲ. ದೊಡ್ಡವರೂ ತಪ್ಪು ಮಾಡುತ್ತಾರೆ, ಮುಚ್ಚಿಡುತ್ತಾರೆ ಎಂಬುದನ್ನು ಇಷ್ಟು ನೇರವಾಗಿ ಹೇಳುವ ಮಕ್ಕಳ ಚಿತ್ರಗಳು ಕಡಿಮೆ.

ಸಾವನ್ನು ತಮಾಷೆ ಮಾಡಿದ್ದಾರೆ ಎಂಬ ಆಕ್ಷೇಪವಿದೆ. ಒಪಾಸಮ್ ತಾಯಿಯೊಬ್ಬಳು ತನಗೆ ಏಳು ಮಕ್ಕಳು ಎನ್ನುತ್ತಾಳೆ, ಅಷ್ಟರಲ್ಲಿ ಏನೋ ಸದ್ದು, ಆರು ಎಂದು ತಿದ್ದಿಕೊಳ್ಳುತ್ತಾಳೆ. ಒರಟು ಹಾಸ್ಯ, ನಿಜ. ಆದರೆ ಮಕ್ಕಳು ಭಯವನ್ನು ನಗುವಿನಲ್ಲೇ ಅರಗಿಸಿಕೊಳ್ಳುತ್ತಾರೆ. ಅಜ್ಜಿಯರ ರಾಕ್ಷಸನ ಕಥೆಗಳು ಇದಕ್ಕಿಂತ ಮೃದುವಾಗೇನೂ ಇರಲಿಲ್ಲ. ಯಂತ್ರವೇ ತಾಯಿಯಾಗಬಲ್ಲದೆಂದು ಮಕ್ಕಳು ನಂಬಿಬಿಟ್ಟರೆ ಎಂಬ ಚಿಂತೆ ಇದಕ್ಕಿಂತ ತೂಕದ್ದು. ಫೋನಿನೊಂದಿಗೆ ಮಾತಾಡುವ ಈ ಕಾಲದಲ್ಲಿ ಅದನ್ನು ತಳ್ಳಿಹಾಕಲಾಗದು. ಆದರೂ ಚಿತ್ರದಲ್ಲಿ, ತಯಾರಿಸಿದ ಕಂಪನಿ ತುಂಬಿಕೊಟ್ಟ ಪ್ರೋಗ್ರಾಂ ಮರಿ ಸಾಕಲು ಸಾಲದು, ರಾಝ್ ಅದನ್ನು ಮೀರಬೇಕಾಗುತ್ತದೆ. ಹಾಗೆ ಮೀರಿದ್ದಕ್ಕೇ ಕಂಪನಿ ಅದನ್ನು ವಾಪಸ್ ಒಯ್ಯಲು ಬರುತ್ತದೆ. ಈ ಎಳೆ ಚಿಕ್ಕ ಮಕ್ಕಳಿಗೆ ಹೊಳೆಯದೆ ಹೋಗಬಹುದು. ಬಿಡಿಸಿ ಹೇಳುವ ಕೆಲಸ ಮನೆಯವರದು.

ನನಗೆ ಒಪ್ಪದ್ದು ಚಿತ್ರದ ಉತ್ತರಾರ್ಧ. ಹಿಮ ಬಿದ್ದಾಗ ಬೇಟೆಯಾಡುವ ಪ್ರಾಣಿ, ಬೇಟೆಯಾಗುವ ಪ್ರಾಣಿ ಎಲ್ಲವೂ ಒಂದೇ ಸೂರಿನಡಿ ಶಾಂತಿ ಒಪ್ಪಂದ ಮಾಡಿಕೊಳ್ಳುತ್ತವೆ. ಮೊದಲರ್ಧ ಕಟ್ಟಿದ ಕಟುವಾದ ಕಾಡು ಇದ್ದಕ್ಕಿದ್ದಂತೆ ನೀತಿಪಾಠದ ತರಗತಿಯಾಗುತ್ತದೆ, ಆಮೇಲೆ ಕಾದಾಟ, ಸ್ಫೋಟ. ಇಷ್ಟಾದರೂ ಸುಮಾರು ನೂರು ನಿಮಿಷದ ಈ ಚಿತ್ರ ಶಾಲೆಗೆ ಹೋಗುವ ಮಕ್ಕಳಿಗೆ ಧಾರಾಳವಾಗಿ ತೋರಿಸಬಹುದಾದದ್ದು. ಮೂರು-ನಾಲ್ಕು ವರ್ಷದವರು ಇನ್ನಷ್ಟು ಕಾಯಲಿ. ಚಿತ್ರದಲ್ಲಿ ಹೆಬ್ಬಾತುಗಳ ವಲಸೆಯ ಹಾರಾಟ ನೋಡಿ ಮಕ್ಕಳು ಪ್ರಶ್ನೆ ಕೇಳಿದರೆ ಉತ್ತರ ದೂರವಿಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಇಳಿಯುತ್ತವೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.