ಪ್ರೌಢಶಾಲೆಗೆ ಬಂದ ಬಡಿಗನ ವಿದ್ಯೆ

ವಿಜಯಪುರ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತುವುದು ಮಳೆ ಹಿಂದೆ ಸರಿಯುತ್ತಿರುವಾಗ. ಮೇಲಿನ ಮಣ್ಣು ಒಣಗತೊಡಗಿರುತ್ತದೆ, ಹಸಿ ಒಳಗಿರುತ್ತದೆ. ಬೀಜ ಆ ಹಸಿಗೆ ಮುಟ್ಟಬೇಕು, ಆದರೆ ಮೊಳಕೆ ಮೇಲೆ ಬರಲಾರದಷ್ಟು ಆಳಕ್ಕೂ ಹೋಗಬಾರದು. ಸಾಲು ಸಾಲಿಗೆ ಅಂತರ ಒಂದೇ ಇರಬೇಕು, ಇಲ್ಲವಾದರೆ ಮುಂದೆ ಎಡೆಕುಂಟೆ ಹೊಡೆಯುವಾಗ ಪೈರೇ ಕಿತ್ತು ಬಂದೀತು. ಇಷ್ಟೆಲ್ಲ ಷರತ್ತುಗಳನ್ನು ಒಂದೇ ಸಲಕ್ಕೆ ಪೂರೈಸುವ ಉಪಕರಣವೇ ಕೂರಿಗೆ. ಒಂದು ದಿಂಡು, ಅದಕ್ಕೆ ಓರೆಯಾಗಿ ಜೋಡಿಸಿದ ತಾಳುಗಳು, ಮೇಲೊಂದು ಕಟ್ಟಿಗೆಯ ಬಟ್ಟಲು, ಬಟ್ಟಲಿನಿಂದ ತಾಳಿಗೆ ಇಳಿಯುವ ಬಿದಿರಿನ ಕೊಳವೆಗಳು. ಬಟ್ಟಲಿನ ತೂತುಗಳಲ್ಲಿ ಒಂದು ತುಸು ದೊಡ್ಡದಾದರೂ ಆ ಸಾಲು ದಟ್ಟವಾಗಿ, ಪಕ್ಕದ್ದು ತೆಳುವಾಗಿ ಏಳುತ್ತದೆ. ಇದನ್ನು ಮಾಡುತ್ತಿದ್ದ ಬಡಿಗ ಯಾವ ಕಾಲೇಜಿಗೂ ಹೋದವನಲ್ಲ. ಆದರೆ ಅವನು ಬಿಡಿಸುತ್ತಿದ್ದ ಸಮಸ್ಯೆಗೆ ಎಂಜಿನಿಯರಿಂಗ್ ಎಂಬುದಲ್ಲದೆ ಬೇರೆ ಹೆಸರಿಲ್ಲ.

ತಿಕೋಟಾ ತಾಲ್ಲೂಕಿನ ಘೋಣಸಗಿಯಂಥ ಊರಿನ ಪ್ರೌಢಶಾಲೆಯ ಹುಡುಗನೊಬ್ಬ ವಿಜ್ಞಾನದ ಪುಸ್ತಕದಲ್ಲಿ ಸನ್ನೆ, ಇಳಿಜಾರು, ಘರ್ಷಣೆ ಎಂಬ ಪಾಠಗಳನ್ನು ಓದುತ್ತಾನೆ. ಅವೆಲ್ಲವೂ ಕೂರಿಗೆಯಲ್ಲೇ ಇವೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಓದು ಒಂದು ಕಡೆ, ಕೈಗೆಲಸ ಇನ್ನೊಂದು ಕಡೆ ಎಂಬ ಈ ಒಡಕು ಹಳೆಯದು. ಅದರ ಬೇರು ಜಾತಿಯಲ್ಲಿದೆ. ಆಯ ಪಡೆದು ದುಡಿಯುತ್ತಿದ್ದ ಬಡಿಗೇರ, ಕಂಬಾರರ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಅಕ್ಷರ ಬೇರೆಯವರ ಸೊತ್ತಾಗಿತ್ತು. ಶಾಲೆ ಬಂದಾಗ ಅಕ್ಷರವನ್ನಷ್ಟೇ ಒಳಗೆ ಕರೆದುಕೊಂಡಿತು, ಉಳಿ ಬಾಚಿಗಳನ್ನು ಹೊಸ್ತಿಲ ಆಚೆಗೇ ಬಿಟ್ಟಿತು.

ಈ ಉಳಿ ಬಾಚಿಗಳನ್ನು ತರಗತಿಗೆ ತರುವ ಯತ್ನಗಳು ಜಗತ್ತಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದಿವೆ. ಫಿನ್ಲೆಂಡಿನಲ್ಲಿ ಊನೊ ಸಿಗ್ನೆಯಸ್ ಎಂಬಾತ 1866ರಲ್ಲಿಯೇ ಮರಗೆಲಸದಂಥ ಕೈಕಸುಬನ್ನು ಜನಸಾಮಾನ್ಯರ ಶಾಲೆಯ ಪಾಠವಾಗಿಸಿದ. ಅದಕ್ಕಿಂತ ಕುತೂಹಲದ್ದು ರಷ್ಯದ ಕಥೆ. ಮಾಸ್ಕೋದ ತಾಂತ್ರಿಕ ಶಾಲೆಯ ನಿರ್ದೇಶಕನಾಗಿದ್ದ ವಿಕ್ಟರ್ ಡೆಲ್ಲಾ ವೋಸ್ ಒಂದು ಸರಳ ಪ್ರಶ್ನೆ ಎತ್ತಿದ. ಕುಶಲಕರ್ಮಿ ವರ್ಷಗಟ್ಟಲೆ ಗುರುವಿನ ಬಳಿ ನಿಂತು ಕಲಿಯುವುದನ್ನು ಅಕ್ಷರಮಾಲೆಯಂತೆ ಬಿಡಿಸಿ ಕಲಿಸಲು ಬಾರದೇ? ಕೆಲಸವನ್ನು ಅವನು ತುಂಡು ತುಂಡಾಗಿ ಬಿಡಿಸಿದ. ಮೊದಲು ಅರದಿಂದ ಉಜ್ಜುವುದು, ಆಮೇಲೆ ಕೊಯ್ಯುವುದು, ಆಮೇಲೆ ಜೋಡಣೆ. ಪ್ರತಿಯೊಂದಕ್ಕೂ ಒಂದು ನಕ್ಷೆ, ಒಂದು ಮಾದರಿ, ಒಂದು ಅಭ್ಯಾಸ. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಸ್ತುಪ್ರದರ್ಶನದಲ್ಲಿ ಈ ಮಾದರಿಗಳನ್ನು ಕಂಡ ಅಲ್ಲಿನ ಶಿಕ್ಷಣತಜ್ಞರು ಬೆರಗಾದರು. ಕೆಲವೇ ವರ್ಷಗಳಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಕೈಕೆಲಸದ ಪ್ರೌಢಶಾಲೆಯೇ ತೆರೆಯಿತು. ಇಂದಿಗೂ ಐ.ಟಿ.ಐ. ಫಿಟ್ಟರ್ ವಿಭಾಗದಲ್ಲಿ ಹುಡುಗರು ಮೊದಲ ತಿಂಗಳುಗಳಲ್ಲಿ ಕಬ್ಬಿಣ ಉಜ್ಜುವುದರ ಹಿಂದೆ ಡೆಲ್ಲಾ ವೋಸನ ನೆರಳಿದೆ.

ಭಾರತದಲ್ಲಿ ಈ ಪ್ರಶ್ನೆಯನ್ನು ಬೇರೆಯೇ ದಿಕ್ಕಿನಿಂದ ಎತ್ತಿದವರು ಗಾಂಧೀಜಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನ ಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನೂ ಕಲಿಸಬೇಕೆಂದಿತು. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮ ಬರೆಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ವಿಜಾಪುರದ ಸೀಮೆಗೂ ಈ ಮೂಲ ಶಿಕ್ಷಣದ ಗಾಳಿ ಬೀಸಿತು. ಆದರೆ ತಕಲಿ ತಿರುಗಿಸುವುದು ಎಷ್ಟೋ ಕಡೆ ದಿನದ ಒಂದು ವಿಧಿಯಾಗಿ ಉಳಿಯಿತು. ನೂಲಿನಿಂದ ಗಣಿತಕ್ಕೆ ಹೋಗುವ ದಾರಿ ಶಿಕ್ಷಕರಿಗೇ ತಿಳಿದಿರಲಿಲ್ಲ. ಮೈಮುರಿದು ದುಡಿಯುವುದು ತಪ್ಪಲಿ ಎಂದೇ ಮಗುವನ್ನು ಸಾಲಿಗೆ ಕಳಿಸಿದರೆ ಅಲ್ಲಿಯೂ ಅದನ್ನೇ ಮಾಡಿಸುತ್ತಾರಲ್ಲ ಎಂಬ ಆಕ್ಷೇಪವೂ ಇತ್ತು. ಅದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಬಡವರ ಮಕ್ಕಳಿಗೆ ಮಾತ್ರ ಕಸುಬು, ಉಳ್ಳವರ ಮಕ್ಕಳಿಗೆ ಇಂಗ್ಲಿಷು ಎಂದಾದರೆ ಯಾವ ತಂದೆ ಒಪ್ಪಿಯಾನು?

ಸ್ವಾತಂತ್ರ್ಯದ ಅನಂತರ 1952ರಲ್ಲಿ ನೇಮಕಗೊಂಡ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಕೊಠಾರಿ ಆಯೋಗ 1966ರಲ್ಲಿ ಕಾರ್ಯಾನುಭವದ ಮಾತನಾಡಿತು. ಹೆಸರುಗಳು ಬದಲಾದವು, ವೇಳಾಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಮಾತ್ರ ಮಧ್ಯಾಹ್ನದ ಕೊನೆಯ ಪಿರಿಯಡ್. ಇದಕ್ಕೆ ಗಟ್ಟಿಯಾದ ಅಪವಾದವೆಂದರೆ ಕರ್ನಾಟಕದ ಜೂನಿಯರ್ ಟೆಕ್ನಿಕಲ್ ಸ್ಕೂಲುಗಳು. ಸಂಖ್ಯೆಯಲ್ಲಿ ಬೆರಳೆಣಿಕೆಯಷ್ಟಾದರೂ ಇಲ್ಲಿ ಎಂಜಿನಿಯರಿಂಗ್ ಮೂಲಾಂಶಗಳು, ಎಂಜಿನಿಯರಿಂಗ್ ಗ್ರಾಫಿಕ್ಸ್ ಮುಂತಾದವು ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಿಷಯಗಳೇ ಆದವು. ಅಂಕ ಇದ್ದಲ್ಲಿ ಗೌರವ ಇರುತ್ತದೆ ಎಂಬುದು ನಮ್ಮ ಶಾಲೆಗಳ ಕಹಿ ಸತ್ಯ.

ಇಂಥ ತರಗತಿಯಲ್ಲಿ ನಿಜಕ್ಕೂ ಕಲಿಯುವುದೇನು? ಒಂದು ಚಪ್ಪಟೆ ಕಬ್ಬಿಣದ ತುಂಡನ್ನು ವೈಸಿನಲ್ಲಿ ಹಿಡಿದು 50 ಮಿ.ಮೀ. ಚೌಕವಾಗಿ ಉಜ್ಜುವ ಕೆಲಸವನ್ನೇ ನೋಡೋಣ. ಹೊಸಬ ಅರವನ್ನು ಒತ್ತಿದಾಗ ಕೈ ತೂಗುತ್ತದೆ, ಅಂಚುಗಳು ಹೆಚ್ಚು ಸವೆದು ನಡು ಉಬ್ಬುತ್ತದೆ. ಮೂಲೆಮಟ್ಟವನ್ನು ಅಂಚಿಗೆ ಹಿಡಿದು ಬೆಳಕಿಗೆ ಎತ್ತಿದರೆ ಸಂದಿಯಲ್ಲಿ ಬೆಳಕು ಇಣುಕುತ್ತದೆ. ಇಲ್ಲಿ ಮೇಷ್ಟ್ರು ತಪ್ಪೆಂದು ಹೇಳಬೇಕಿಲ್ಲ, ಕಬ್ಬಿಣವೇ ಹೇಳುತ್ತದೆ. ಮುಂದೆ ವರ್ನಿಯರ್ ಕ್ಯಾಲಿಪರ್. ಮುಖ್ಯ ಅಳತೆಪಟ್ಟಿಯ ಒಂಬತ್ತು ಮಿ.ಮೀ. ಉದ್ದವನ್ನು ಜಾರುವ ಪಟ್ಟಿಯಲ್ಲಿ ಹತ್ತು ಸಮಭಾಗ ಮಾಡಿದ್ದರೆ ಪ್ರತಿ ಭಾಗವೂ ಒಂದು ಮಿ.ಮೀ.ಗಿಂತ ಹತ್ತನೆಯ ಒಂದರಷ್ಟು ಚಿಕ್ಕದು. ಎರಡು ಗೆರೆಗಳು ಎಲ್ಲಿ ನೇರವಾಗಿ ಕೂಡುತ್ತವೆಂದು ನೋಡಿದರೆ 0.1 ಮಿ.ಮೀ. ಕೈಗೆ ಸಿಗುತ್ತದೆ. ದಶಮಾಂಶ ಎಂದರೇನೆಂದು ಹಲವು ಮಕ್ಕಳಿಗೆ ಮೊದಲ ಬಾರಿ ತಿಳಿಯುವುದು ಇಲ್ಲಿಯೇ.

ಗ್ರಾಫಿಕ್ಸ್ ಪಾಠಕ್ಕಂತೂ ವಿಜಯಪುರದ ಮಕ್ಕಳಿಗೆ ದೂರ ಹೋಗಬೇಕಾಗಿಲ್ಲ. ಗೋಳಗುಮ್ಮಟದ ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಕಾಗದದ ಮೇಲೊಂದು ಚೌಕ ಬರೆದು, ಪ್ರತಿ ಬದಿಯಲ್ಲೂ ಎರಡೆರಡು ಬಿಂದು ಗುರುತಿಸಿ, ಎಂಟೂ ಸೇರಿ ಸಮ ಅಷ್ಟಕೋನವಾಗುವಂತೆ ಮಾಡಬೇಕು. ಒಂದು ಬಿಟ್ಟು ಒಂದು ಬಿಂದುವನ್ನು ಸೇರಿಸಿದರೆ ಒಂದರ ಮೇಲೊಂದು ತಿರುಗಿ ಕೂತ ಎರಡು ಚೌಕಗಳು ಮೂಡುತ್ತವೆ. ಅವುಗಳ ನಡುವೆ ಇನ್ನೊಂದು ಚಿಕ್ಕ ಅಷ್ಟಕೋನ ತಾನಾಗಿ ಹುಟ್ಟುತ್ತದೆ. ಆ ಗೆರೆಗಳನ್ನೇ ಕಮಾನುಗಳಾಗಿ ಎಬ್ಬಿಸಿದ್ದರಿಂದ ಆದಿಲಶಾಹಿ ಶಿಲ್ಪಿಗಳು ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟವನ್ನು ನಡುವೆ ಕಂಬವಿಲ್ಲದೆ ನಿಲ್ಲಿಸಿದರು. ಶಾಲಾ ಪ್ರವಾಸದಲ್ಲಿ ಪ್ರತಿಧ್ವನಿಗಾಗಿ ಕೂಗಿ ಮರಳುವ ಮಕ್ಕಳು ಒಮ್ಮೆ ಸ್ಕೇಲು, ಕೈವಾರ ಹಿಡಿದು ಹೋಗಬಹುದು.

2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು, ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಸೆನ್ಸರ್, ಮೈಕ್ರೊಕಂಟ್ರೋಲರ್, ತ್ರೀ-ಡಿ ಪ್ರಿಂಟರ್. ಒಳ್ಳೆಯದೇ. ಅಪಾಯವಿರುವುದು ಪೆಟ್ಟಿಗೆಯಲ್ಲಿ ಬಂದ ಕಿಟ್ಟನ್ನು ಪುಸ್ತಿಕೆ ನೋಡಿ ಜೋಡಿಸಿ, ದೀಪ ಮಿನುಗಿದೊಡನೆ ಚಪ್ಪಾಳೆ ತಟ್ಟುವುದರಲ್ಲಿ. ತಿಕೋಟಾ ಕಡೆ ದ್ರಾಕ್ಷಿ ಬೆಳೆಯುವವರಿಗೆ ಹನಿ ನೀರಾವರಿ ಹೊಸತಲ್ಲ. ಅಲ್ಲಿಯ ಮಕ್ಕಳು ಮಣ್ಣಿನ ತೇವ ಅಳೆಯುವ ಸೆನ್ಸರ್ ಕೈಗೆತ್ತಿಕೊಂಡರೆ ನಿಜವಾದ ತೊಡಕುಗಳು ಎದುರಾಗುತ್ತವೆ. ಎರೆಮಣ್ಣು ಒಣಗಿದಾಗ ಬಿರಿದು ಕಡ್ಡಿಯ ಸುತ್ತ ಗಾಳಿ ಸೇರಿ ಲೆಕ್ಕ ತಪ್ಪುತ್ತದೆ. ಅಗ್ಗದ ಸೆನ್ಸರಿನ ಲೋಹ ವಿದ್ಯುತ್ ಹರಿದು ಕೆಲವೇ ವಾರಗಳಲ್ಲಿ ಸವೆಯಬಹುದು. ಯಂತ್ರ ತೋರಿಸಿದ ಅಂಕಿ ನಿಜವೇ ಎಂದು ತಿಳಿಯಲು ಹಸಿ ಮಣ್ಣನ್ನು ತೂಗಿ, ಒಣಗಿಸಿ ಮತ್ತೆ ತೂಗಿ, ಹೋದ ನೀರನ್ನು ಒಣಮಣ್ಣಿನ ತೂಕದಿಂದ ಭಾಗಿಸಬೇಕು. ತಕ್ಕಡಿಯಿಲ್ಲದೆ ಸೆನ್ಸರನ್ನು ನಂಬುವಂತಿಲ್ಲ.

ಕೂರಿಗೆಯ ಬಟ್ಟಲಿಗೂ ಅದೇ ಪರೀಕ್ಷೆ ಸಲ್ಲುತ್ತದೆ, ಖರ್ಚೂ ಇಲ್ಲ. ಯಾರದೋ ಹಿತ್ತಲಲ್ಲಿ ಗೋಡೆಗೆ ಆನಿಸಿಟ್ಟ ಕೂರಿಗೆಯೊಂದನ್ನು ಕೇಳಿ ತರಬೇಕು. ಮುಂದಿನಿಂದ, ಮೇಲಿನಿಂದ, ಬದಿಯಿಂದ ಅಳೆದು ಹತ್ತರಲ್ಲಿ ಒಂದರ ಪ್ರಮಾಣದಲ್ಲಿ ಮೂರು ನಕ್ಷೆ ಬರೆಯಬೇಕು. ಆಮೇಲೆ ಒಬ್ಬ ಹುಡುಗಿ ಮುನ್ನೂರು ಜೋಳದ ಕಾಳನ್ನು ಬಟ್ಟಲಿಗೆ ಸಮನಾಗಿ ಬಿಡುತ್ತ ಹೋಗಬೇಕು. ಬಿತ್ತುವಾಗ ಹೊಲದಲ್ಲಿ ಈ ಕೆಲಸ ಸಾಮಾನ್ಯವಾಗಿ ಹೆಂಗಸರದ್ದೇ. ಮೂರು ಕೊಳವೆಗಳ ಕೆಳಗಿಟ್ಟ ಮೂರು ಡಬ್ಬಿಗಳಲ್ಲಿ ಬಿದ್ದ ಕಾಳುಗಳನ್ನು ಎಣಿಸಬೇಕು. ನೂರು, ನೂರು, ನೂರು ಬಂದರೆ ಬಡಿಗನ ಕೈ ಸರಿ. ತೊಂಬತ್ತು, ನೂರು, ನೂರಹತ್ತು ಬಂದರೆ ತೂತು ತಪ್ಪಿದೆಯೋ, ಬಟ್ಟಲು ವಾಲಿದೆಯೋ, ಕಾಳು ಬಿಟ್ಟ ಕೈ ಒಂದು ಕಡೆ ಸರಿದಿದೆಯೋ ಎಂಬ ವಾದ ಏಳುತ್ತದೆ. ಆ ವಾದ ತೀರಲು ಇನ್ನೊಮ್ಮೆ ಎಣಿಸಬೇಕಾಗುತ್ತದೆ, ಊರಲ್ಲಿ ಹಳೆಯ ಬಡಿಗೇರರು ಯಾರಾದರೂ ಉಳಿದಿದ್ದರೆ ಅವರನ್ನೂ ಶಾಲೆಗೆ ಕರೆಸಬೇಕಾಗುತ್ತದೆ.