ಚಾಲಗೇಣಿಯ ಸಂಬಳ, ಮೂಲಗೇಣಿಯ ನೆಲೆ

2025ರ ದೀಪಾವಳಿ ಕಳೆದ ಕೆಲವು ದಿನಗಳಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನಿಂದ ನಮಗೊಂದು ದೀರ್ಘವಾದ ಪತ್ರ ಬಂದಿತು. ಅವನು ಅಮೆರಿಕದಲ್ಲಿ ಕಂಪ್ಯೂಟರ್ ಎಂಜಿನಿಯರನಾಗಿ ಏಳು ವರುಷಗಳಿಂದ ದುಡಿಯುತ್ತಿರುವವನು. ಪತ್ರವು ಕನ್ನಡದಲ್ಲಿತ್ತು, ನಾವು ಕಾಪಿಪುಸ್ತಕದಲ್ಲಿ ತಿದ್ದಿ ತಿದ್ದಿ ಬರೆಸಿದ್ದ ಅದೇ ದುಂಡಗಿನ ಅಕ್ಷರ.

"ಮಾಷ್ಟ್ರೇ, ಇಲ್ಲಿ ನನಗೆ ವರುಷಕ್ಕೆ 1,40,000 ಡಾಲರ್ ಸಂಬಳ ಉಂಟು. ಕೆನಡಾದ ಟೊರೊಂಟೊದಿಂದ ಒಂದು ಕೆಲಸದ ಕರೆ ಬಂದಿದೆ. ಅಲ್ಲಿಯ ಲೆಕ್ಕದಲ್ಲಿ 1,35,000 ಡಾಲರ್. ಆದರೆ ಅವರ ಡಾಲರಿಗೆ ಇಲ್ಲಿನ ಡಾಲರಿನ ಮುಕ್ಕಾಲು ಬೆಲೆಯೂ ಇಲ್ಲ. ಎಂದರೆ ಸಂಬಳದಲ್ಲಿ ಸುಮಾರು ಮೂರರಲ್ಲೊಂದು ಪಾಲು ಹೋಯಿತು. ಅದಕ್ಕೆ ಬದಲಾಗಿ ನಮ್ಮ ಮೂವರಿಗೂ ಆ ದೇಶದ ಖಾಯಂ ವಾಸದ ಹಕ್ಕು ಮಂಜೂರಾಗಿದೆ. ಗಡುವಿನೊಳಗೆ ಹೋಗಿ ಇಳಿಯದಿದ್ದರೆ ಅದು ರದ್ದು. ಮಾವನವರು ನನ್ನನ್ನು ಮರುಳನೆನ್ನುತ್ತಾರೆ. ನೀವೇನು ಹೇಳುತ್ತೀರಿ?"

ಇಂತಹ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳ ಚಾವಡಿಗೆ ಬಂದು ಕುಳಿತಿದೆ. ಆದುದರಿಂದ ಅವನ ಅನುಮತಿ ಪಡೆದು, ಹೆಸರನ್ನು ಬಿಟ್ಟು, ನಾವು ಅವನಿಗೆ ಬರೆದುದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಎರಡು ಬಗೆಯ ಗೇಣಿ

ಕಾಸರಗೋಡು ದಕ್ಷಿಣ ಕನ್ನಡದ ಭಾಗವಾಗಿದ್ದ ಕಾಲದಲ್ಲಿ ನಮ್ಮ ಹಿರಿಯರಿಗೆ ಎರಡು ಬಗೆಯ ಗೇಣಿಗಳು ಚೆನ್ನಾಗಿ ಗೊತ್ತಿದ್ದುವು. ಮೂಲಗೇಣಿಯವನಿಗೆ ಭೂಮಿ ಶಾಶ್ವತ, ಗೇಣಿ ನಿಶ್ಚಿತ, ಹಕ್ಕು ಮಕ್ಕಳಿಗೂ ಸಲ್ಲುವುದು. ಚಾಲಗೇಣಿಯವನದು ವರುಷದಿಂದ ವರುಷಕ್ಕೆ. ಧಣಿಗಳ ಮನಸ್ಸು ಬದಲಾದರೆ ಗದ್ದೆ ಬಿಡಬೇಕು. ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆಯ ಕಾನೂನು ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ಆದರೂ ನಮ್ಮ ಅಜ್ಜ ಹೇಳುತ್ತಿದ್ದ ಒಂದು ಮಾತು ನೆನಪಿನಲ್ಲಿ ಉಳಿದಿದೆ: ಚಾಲಗೇಣಿಯವನು ಬತ್ತ ಬೆಳೆದಾನು, ಅಡಕೆ ಗಿಡ ನೆಡಲಾರ. ಅಡಕೆ ಫಸಲಿಗೆ ಬರಲು ಐದರಿಂದ ಏಳು ವರುಷ ಬೇಕಷ್ಟೆ? ಮುಂದಿನ ಯುಗಾದಿಗೆ ಇಲ್ಲಿರುವೆನೋ ಇಲ್ಲವೋ ಎಂಬವನು ಯಾವ ಧೈರ್ಯದಿಂದ ಗುಂಡಿ ತೋಡಿಯಾನು?

ನಮ್ಮ ವಿದ್ಯಾರ್ಥಿಯ ಪತ್ರದಲ್ಲಿ ಒಂದು ಸಣ್ಣ ಸಂಗತಿಯಿತ್ತು. ಏಳು ವರುಷಗಳಾದರೂ ಅವರು ಊಟಕ್ಕೆ ಮಡಚುವ ಮೇಜನ್ನೇ ಬಳಸುತ್ತಿದ್ದಾರೆ. ದುಡ್ಡಿಲ್ಲವೆಂದಲ್ಲ, ಪ್ರತಿ ಬಾರಿಯೂ "ವೀಸಾ ಮುಂದುವರಿಯಲಿ, ಆಮೇಲೆ ನೋಡುವ" ಎಂದು ಬಿಟ್ಟದ್ದು. ಇದನ್ನೋದಿದಾಗ ನಮಗೆ ಅಜ್ಜನ ಮಾತು ನೆನಪಾಯಿತು. ನಾವೂ ಶಿಕ್ಷಕ ತರಬೇತಿ ಮುಗಿಸಿದ ಹೊಸತರಲ್ಲಿ ಮೂರು ವರುಷ ಬೇರೆಯವರ ರಜೆಯ ಬದಲಿ ಹುದ್ದೆಗಳಲ್ಲಿ ದುಡಿದವರು. ಆ ಮೂರು ವರುಷವೂ ಮನೆಯ ಮಾಡಿಗೆ ಹಂಚು ಬದಲಿಸುವುದನ್ನು ನಾವು ಮುಂದೂಡಿದ್ದೆವು. ತಾತ್ಕಾಲಿಕದ ನಷ್ಟ ಸಂಬಳದ ಚೀಟಿಯಲ್ಲಿ ಕಾಣಿಸುವುದಿಲ್ಲ.

ಅಮೆರಿಕದ ಸಾಲು

ಅವನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅವನು ಎಚ್ ಒನ್ ಬಿ ಎಂಬ ವೀಸಾದಲ್ಲಿ ಇರುವವನು. ವರುಷಕ್ಕೆ 65,000, ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯಲ್ಲಿ, ಚೀಟಿ ಎತ್ತಿ ಕೊಡುವ ವೀಸಾ ಇದು. ಮೊದಲು ಮೂರು ವರುಷ, ಮತ್ತೆ ಮೂರು ವರುಷ. ಗ್ರೀನ್ ಕಾರ್ಡಿನ ಅರ್ಜಿಯ ಮೊದಲ ಹಂತಗಳು ಮುಗಿದು ಸರದಿಗೆ ಕಾಯುವವರಿಗೆ ಆರು ವರುಷದ ಮೇಲೂ ಮುಂದುವರಿಸುತ್ತಾರೆ.

ಗ್ರೀನ್ ಕಾರ್ಡೆಂದರೆ ಅಲ್ಲಿಯ ಮೂಲಗೇಣಿ. ಉದ್ಯೋಗದ ಆಧಾರದಲ್ಲಿ ವರುಷಕ್ಕೆ ಸುಮಾರು 1,40,000 ಕಾರ್ಡುಗಳು. ಆದರೆ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಿಗಬಾರದೆಂದು ಅಲ್ಲಿಯ 1990ರ ಕಾನೂನು ಹೇಳುತ್ತದೆ. ಸಣ್ಣ ದೇಶಕ್ಕೂ ನೂರನಾಲ್ವತ್ತು ಕೋಟಿಯ ಭಾರತಕ್ಕೂ ಒಂದೇ ಅಳತೆಯ ಸೇರು. ಪರಿಣಾಮವೇನೆಂದರೆ, ನಮ್ಮ ವಿದ್ಯಾರ್ಥಿ ನಿಂತಿರುವ ವರ್ಗದಲ್ಲಿ 2025ರ ಅಕ್ಟೋಬರಿನಲ್ಲಿ, 2013ರಲ್ಲಿ ಸಾಲಿಗೆ ಬಂದ ಭಾರತೀಯರ ಸರದಿಯೇ ಮುಗಿದಿರಲಿಲ್ಲ. ಇವನು ಸಾಲಿಗೆ ಸೇರಿದ್ದು 2019ರಲ್ಲಿ.

ಈ ನಡುವೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೊಂದು ಕಂಪೆನಿ ಅರ್ಜಿ ಹಾಕಬೇಕು, ಅಥವಾ ಬೇರೆ ವೀಸಾಕ್ಕೆ ಯತ್ನಿಸಬೇಕು. ಇಲ್ಲವೇ ದೇಶ ಬಿಡಬೇಕು. ಹೆಂಡತಿಗೆ 2015ರ ನಿಯಮದ ಪ್ರಕಾರ ದುಡಿಯುವ ಪರವಾನಗಿ ಉಂಟಾದರೂ ಅದು ಗಂಡನ ಕಾಗದಗಳಿಗೆ ಕಟ್ಟಿದ ಬಳ್ಳಿ. ಮಗಳು ಮಂಗಳೂರಿನಲ್ಲಿ ಹುಟ್ಟಿದವಳು, ಈಗ ಎಂಟು ವರುಷ. ಲೆಕ್ಕದಲ್ಲಿ ಕೊಂಚ ವಿನಾಯಿತಿ ಉಂಟಾದರೂ, 21 ತುಂಬುವುದರೊಳಗೆ ತಂದೆಯ ಸರದಿ ಬಾರದಿದ್ದರೆ ಅವಳು ಆ ಅರ್ಜಿಯಿಂದ ಹೊರಬೀಳುತ್ತಾಳೆ. ತಾನು ಬೆಳೆದ ಊರಿನಲ್ಲೇ ಅವಳು ಪರದೇಶಿಯಾಗಿ ಹೊಸ ವೀಸಾ ಹುಡುಕಬೇಕಾದೀತು.

2025ರ ಸೆಪ್ಟೆಂಬರಿನಲ್ಲಿ ಅವನು ಪಿತೃಪಕ್ಷಕ್ಕೆಂದು ಒಬ್ಬನೇ ಊರಿಗೆ ಬಂದಿದ್ದ. 19ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಅವರು ಎಚ್ ಒನ್ ಬಿ ಅರ್ಜಿಗೆ 1,00,000 ಡಾಲರ್ ವಿಧಿಸುವ ಘೋಷಣೆಗೆ ಸಹಿ ಹಾಕಿದರು, 21ರಿಂದಲೇ ಜಾರಿ. ನಮ್ಮಲ್ಲಿ ಶನಿವಾರ ಬೆಳಗಾಗುವಾಗ ಕಂಪೆನಿಯಿಂದ ಕರೆ: ಗಡುವಿನೊಳಗೆ ಹೇಗಾದರೂ ಒಳಗೆ ಬಂದುಬಿಡು. ತಾಯಿ ಕಾವಲಿಗೆ ಎರೆದಿದ್ದ ದೋಸೆ ಕಾವಲಿಯಲ್ಲೇ ಉಳಿಯಿತು. ಹುಡುಗ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಓಡಿದ. ಈ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗಲ್ಲ ಎಂಬ ಸ್ಪಷ್ಟನೆ ಬಂದಾಗ ಅವನು ಮುಂಬಯಿಯಲ್ಲಿದ್ದ. ಮರುದಿನ ಆ ತಾಯಿ ನಮ್ಮೊಡನೆ ಹೇಳಿದ್ದು ಇಷ್ಟೇ: "ಅಷ್ಟು ಸಂಬಳ ಇದ್ದೂ ನನ್ನ ಮಗ ಒಕ್ಕಲೆಬ್ಬಿಸಿದವನ ಹಾಗೆ ಓಡಿದ, ಮಾಷ್ಟ್ರೇ."

ಕೆನಡಾದ ಕರೆ

ಕೆನಡಾ ದೇಶವು ವಲಸಿಗರನ್ನು ಅಂಕಗಳ ಆಧಾರದಲ್ಲಿ ಆರಿಸುವ ಪದ್ಧತಿಯನ್ನು 1967ರಲ್ಲಿ ತಂದಿತು. 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆ. ವಯಸ್ಸು, ವಿದ್ಯೆ, ಭಾಷೆ, ಅನುಭವ ಎಲ್ಲಕ್ಕೂ ಅಂಕ. ಪ್ರಾಂತ್ಯವೊಂದು ಹೆಸರು ಸೂಚಿಸಿದರೆ 600 ಅಂಕ. ನಮ್ಮ ವಿದ್ಯಾರ್ಥಿಗೆ ದಾರಿ ತೆರೆದದ್ದು ಹೀಗೆಯೇ. ಖಾಯಂ ನಿವಾಸಿಯಾದವನ ಕೆಲಸ ಹೋದರೂ ವಾಸದ ಹಕ್ಕು ಹೋಗುವುದಿಲ್ಲ. ಹೆಂಡತಿ ಸ್ವಂತ ಹಕ್ಕಿನಿಂದ ದುಡಿಯಬಹುದು. ಐದು ವರುಷಗಳಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆದರೆ ಹಕ್ಕನ್ನು ಉಳಿಸಿಕೊಳ್ಳಲು ಐದು ವರುಷಗಳಲ್ಲಿ 730 ದಿನವಾದರೂ ಅಲ್ಲಿ ಇರಲೇಬೇಕು. ಎರಡು ದೋಣಿಗಳಲ್ಲಿ ಬಹುಕಾಲ ಕಾಲಿಡಲಾಗದು.

ಅಲ್ಲಿ ಎಲ್ಲವೂ ಹಸುರೆಂದು ಯಾರೂ ತಿಳಿಯಬಾರದು. ಟೊರೊಂಟೊ, ವ್ಯಾಂಕೂವರ್ ನಗರಗಳಲ್ಲಿ ಮನೆಯ ಬೆಲೆ ಬಲು ದುಬಾರಿ. ಚಳಿ ಕಠಿಣ. ಬಾಗಿಲೂ ಕಿರಿದಾಗುತ್ತಿದೆ: 2025ಕ್ಕೆ 5,00,000 ಮಂದಿಯನ್ನು ಖಾಯಂ ಆಗಿ ಸೇರಿಸಿಕೊಳ್ಳುವುದಾಗಿ ಹೇಳಿದ್ದ ಸರಕಾರ 2024ರಲ್ಲಿ ಆ ಗುರಿಯನ್ನು 3,95,000ಕ್ಕೆ ಇಳಿಸಿತು. ವಯಸ್ಸು ಮೂವತ್ತು ದಾಟಿದಂತೆ ಅಂಕಗಳೂ ವರುಷ ವರುಷ ಇಳಿಯುತ್ತವೆ. ಎಂದರೆ, ಇಂದು ಬೇಡವೆಂದವನಿಗೆ ನಾಳೆ ಇದೇ ಕರೆ ಮತ್ತೆ ಬಂದೀತೆಂಬ ಭರವಸೆಯಿಲ್ಲ.

ತಕ್ಕಡಿಯ ಎರಡು ತಟ್ಟೆ

ಹಾಗಾದರೆ ಸಂಬಳ ಬಿಟ್ಟು ನೆಲೆಯನ್ನು ಹಿಡಿಯುವುದೇ ಎಲ್ಲರಿಗೂ ಸರಿಯೆ? ಅಲ್ಲ. ನಮ್ಮ ಕಾಸರಗೋಡಿನವರಿಗೆ ಗಲ್ಫಿನ ಅನುಭವ ಉಂಟು. ಅಲ್ಲಿ ಸಾಮಾನ್ಯ ದುಡಿಮೆಗಾರನಿಗೆ ಖಾಯಂ ವಾಸದ ಹಕ್ಕು ಸಿಗುವುದಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ 1,70,000ಕ್ಕೂ ಮಿಕ್ಕಿದ ಭಾರತೀಯರು ಬಹುಪಾಲು ಅಮ್ಮಾನ್ ದಾರಿಯಾಗಿ ವಿಮಾನವೇರಿ ಮರಳಿದರು; ಹಲವರ ಕೈಯಲ್ಲಿದ್ದುದು ಒಂದು ಚೀಲ. ಆದರೂ ಗಲ್ಫಿಗೆ ಹೋದವರನ್ನು ನಾವು ಅವಿವೇಕಿಗಳೆನ್ನಲಾರೆವು. ಅವರು ಮರಳುವುದೆಂದು ತಿಳಿದೇ ಹೋದವರು. ಮನೆ ಕಟ್ಟಿದ್ದು ಊರಿನಲ್ಲಿ. ಮಕ್ಕಳು ಕಲಿತದ್ದು ಹೆಚ್ಚಾಗಿ ಊರಿನಲ್ಲಿ. ಅವರಿಗೆ ಸಂಬಳವೇ ಮುಖ್ಯ, ಅದೇ ಸರಿ.

ಆದುದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಸಂಬಳದ್ದಲ್ಲ. ಮರಳುವೆನೆ, ನೆಲೆಸುವೆನೆ ಎಂಬುದು. ಮರಳುವವನು ಹೆಚ್ಚಿನ ಸಂಬಳವನ್ನು ಆಯ್ದು, ಉಳಿಸಿ, ಹೊತ್ತಿಗೆ ಸರಿಯಾಗಿ ಬರಲಿ. ಕಲಿಕೆಯ ಸಾಲ ತೀರದವನೂ ಮೊದಲು ಸಾಲ ತೀರಿಸಲಿ. ಆದರೆ ಮಕ್ಕಳನ್ನು ಅಲ್ಲಿಯ ಶಾಲೆಗೆ ಹಾಕಿ, ಅಲ್ಲಿಯೇ ಬಾಳುವೆನೆಂದು ಬಗೆದವನು ಚಾಲಗೇಣಿಯ ಕಾಗದದ ಮೇಲೆ ಮೂಲಗೇಣಿಯ ಸಂಸಾರ ಹೂಡಬಾರದು. ಅವನಿಗೆ ಮೂರರಲ್ಲೊಂದು ಪಾಲು ಸಂಬಳ ನಷ್ಟವಲ್ಲ, ನೆಲೆಗೆ ತೆರುವ ಬೆಲೆ. ಹೆಂಡತಿಯ ಸ್ವತಂತ್ರ ದುಡಿಮೆಯನ್ನೂ ಮಗಳ ಇಪ್ಪತ್ತೊಂದನೆಯ ವರುಷವನ್ನೂ ತಟ್ಟೆಯಲ್ಲಿಟ್ಟು ತೂಗಿದರೆ ಆ ಬೆಲೆ ಹೆಚ್ಚೆನಿಸದು.

ಊರಿನ ಹಿರಿಯರು ಒಂದು ಭೇದವನ್ನು ತಿಳಿದಿರಬೇಕು. ಪರದೇಶದ ಖಾಯಂ ನಿವಾಸಿಯಾದ ಮಾತ್ರಕ್ಕೆ ಭಾರತದ ಪೌರತ್ವ ಹೋಗುವುದಿಲ್ಲ. ಪರದೇಶದ ಪೌರತ್ವವನ್ನೇ ಪಡೆದರೆ ನಮ್ಮ 1955ರ ಕಾನೂನಿನಂತೆ ಭಾರತದ್ದು ಕೊನೆಗೊಳ್ಳುತ್ತದೆ. ಬಳಿಕ ಸಿಗಬಹುದಾದ ಓ.ಸಿ.ಐ. ಕಾರ್ಡಿನಲ್ಲಿ ಬಂದು ಹೋಗಬಹುದು, ಮತವಿಲ್ಲ. ಹಿರಿಯರಿಂದ ಬಂದ ಅಡಕೆ ತೋಟ ಅವನದಾಗಬಹುದು. ಹೊಸ ಕೃಷಿಭೂಮಿ ಕೊಳ್ಳುವಂತಿಲ್ಲ. ಆ ಎರಡನೆಯ ಹೆಜ್ಜೆಗೆ ಇನ್ನೂ ಕಾಲಾವಕಾಶ ಉಂಟು. ತಾಯಿ ಮಕ್ಕಳು ಕುಳಿತು ಮಾತಾಡಲಿ.

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಇದೇ ಹುಡುಗನನ್ನು ವೇದಿಕೆಗೆ ಕರೆದು, ಅವನ ಸಂಬಳವನ್ನು ರೂಪಾಯಿಗೆ ತಿರುಗಿಸಿ ಮಕ್ಕಳ ಮುಂದೆ ಹೇಳಿದವರು ನಾವೇ. ಮಕ್ಕಳು ಚಪ್ಪಾಳೆ ತಟ್ಟಿದರು. ಪತ್ರದ ಕೊನೆಯಲ್ಲಿ ಅವನು ಬರೆದಿದ್ದ: "ಆ ಚಪ್ಪಾಳೆಯನ್ನು ನೆನೆದರೆ ಕಡಮೆ ಸಂಬಳಕ್ಕೆ ಒಪ್ಪಲು ನಾಚಿಕೆಯಾಗುತ್ತದೆ." ಈ ಸಾಲನ್ನು ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ನಾಡು ಬಿಟ್ಟ ಹುಡುಗರನ್ನು ಕಟ್ಟಿಹಾಕುವುದು ಅಲ್ಲಿಯ ಕಂಪೆನಿಗಳಷ್ಟೇ ಅಲ್ಲ, ಇಲ್ಲಿಯ ನಮ್ಮ ಬಾಯಿಗಳೂ ಹೌದು.

ಅವನು ಹೊರಡುವುದೆಂದು ನಿಶ್ಚಯಿಸಿದ್ದಾನೆ. ಮಾವನವರು ಇನ್ನೂ ಒಪ್ಪಿಲ್ಲ. ತಾಯಿ ಮಾತ್ರ ಸಂಬಳದ ಸುದ್ದಿ ಎತ್ತದೆ, ಅಲ್ಲಿ ಊಟಕ್ಕೆ ಮರದ ಮೇಜು ಮಾಡಿಸಿಕೊಳ್ಳಲು ಹೇಳಿ ಕಳುಹಿಸಿದ್ದಾರೆ. ನಮ್ಮ ಓದುಗರ ಮನೆಗಳಿಗೂ ಪರದೇಶದಿಂದ ಮಕ್ಕಳು ಬರುತ್ತಾರೆ. ಸಂಬಳವೆಷ್ಟೆಂದು ಕೇಳುವ ಮೊದಲು, ಅಲ್ಲಿ ನಿದ್ದೆ ಬರುತ್ತದೆಯೇ ಎಂದು ಒಮ್ಮೆ ಕೇಳಿ ನೋಡೋಣ.